ಚೆಸ್ಟರ್ ವಿಲಿಯಮ್ಸ್: ಹದಿನೈದು ಜನರಲ್ಲಿ ಒಬ್ಬ

ಉದ್ದದ ಪೋಸ್ಟ್ ಇದು, ಬಿಡುವು ಮಾಡ್ಕೊಂಡು ಓದಿ.

ಭಾರತ ಕ್ರಿಕೆಟ್‌ನಲ್ಲಿ ಸೋತಾಗಲೆಲ್ಲ ವಾಟ್ಸಾಪ್‌ನಲ್ಲಿ ಒಂದು ಹಳೇ ಮೆಸೇಜ್ ಎದ್ದು ಬರುತ್ತೆ, ನಿಮಗೂ ಬಂದಿರುತ್ತೆ. "ಕ್ರಿಕೆಟ್ ಟೀಮಿಗೂ ಮೀಸಲಾತಿ ತನ್ನಿ ನೋಡೋಣ, ಎಸ್ಸಿ ಬ್ಯಾಟ್ಸ್‌ಮನ್‌ಗೆ ಬೌಂಡರಿ ಲೈನು ಹತ್ತಿರಕ್ಕೆ ಹಾಕಿ" ಅಂತ. ಕಳಿಸೋರು ನಮ್ಮ ಜೊತೆ ಒಂದೇ ಸೆಕ್ಷನ್‌ನಲ್ಲಿ ಕೂತು ಕೆಲಸ ಮಾಡೋರೇ. ನಗುವ ಎಮೋಜಿ ಬೇರೆ. ಕ್ರೀಡೆಯಲ್ಲಿ ಜಾತಿ, ಬಣ್ಣ ಏನೂ ಇಲ್ಲ, ಅಲ್ಲಿ ಇರೋದು ಬರೀ ಮೆರಿಟ್ ಅನ್ನೋದು ಅವರ ಗಟ್ಟಿ ನಂಬಿಕೆ. ಆ ಮಾತಿಗೆ ಉತ್ತರ ಕೊಡೋಕೆ ನಾನು ಕ್ರಿಕೆಟ್ ಬಿಟ್ಟು ರಗ್ಬಿಗೆ ಹೋಗ್ತೀನಿ. ದಕ್ಷಿಣ ಆಫ್ರಿಕಾದ ಚೆಸ್ಟರ್ ವಿಲಿಯಮ್ಸ್ ಅನ್ನೋ ಆಟಗಾರನ ಬದುಕನ್ನ ನೋಡಿದ್ರೆ ಈ ಮೆರಿಟ್ಟಿನ ಬಂಡವಾಳ ಏನು ಅಂತ ಗೊತ್ತಾಗುತ್ತೆ.

ರಗ್ಬಿ ಗೊತ್ತಿಲ್ಲದವರಿಗೆ ಎರಡು ಮಾತು. ಮೊಟ್ಟೆ ಆಕಾರದ ಚೆಂಡು, ಒಂದು ಕಡೆ ಹದಿನೈದು ಜನ. ಚೆಂಡನ್ನ ಕೈಯಲ್ಲಿ ಹಿಡಿದು ಓಡಬಹುದು, ಆದ್ರೆ ಕೈಯಿಂದ ಮುಂದಕ್ಕೆ ಎಸೆಯೋ ಹಾಗಿಲ್ಲ, ಪಕ್ಕಕ್ಕೆ ಅಥವಾ ಹಿಂದಕ್ಕೆ ಮಾತ್ರ ಕೊಡಬೇಕು. ಎದುರಾಳಿಯ ಗೆರೆ ದಾಟಿ ಚೆಂಡನ್ನ ನೆಲಕ್ಕೆ ಮುಟ್ಟಿಸಿದ್ರೆ ಅದು ಟ್ರೈ, ಐದು ಅಂಕ. ಮೈದಾನದ ಎರಡು ಅಂಚಿನಲ್ಲಿ ನಿಲ್ಲೋರಿಗೆ ವಿಂಗ್ ಅಂತಾರೆ. ಇವರು ವೇಗದ ಓಟಗಾರರು. ಚೆಂಡು ಮಧ್ಯದಿಂದ ಕೈ ಬದಲಾಯಿಸ್ತಾ ಬದಲಾಯಿಸ್ತಾ ಕೊನೆಗೆ ಇವರ ಹತ್ತಿರ ಬರಬೇಕು. ಒಳಗಿನವರು ಕೊಡದೇ ಹೋದ್ರೆ ವಿಂಗ್‌ನಲ್ಲಿರೋನು ಎಷ್ಟೇ ಜೋರಾಗಿ ಓಡೋನಾದ್ರೂ ಎಂಬತ್ತು ನಿಮಿಷ ಸುಮ್ಮನೆ ನಿಂತು ಬರಬೇಕಾಗುತ್ತೆ. ಚೆಸ್ಟರ್ ಎಡಗಡೆ ವಿಂಗ್, ಹನ್ನೊಂದನೇ ನಂಬರ್ ಜೆರ್ಸಿ.

ಹುಟ್ಟಿದ್ದು 1970ರ ಆಗಸ್ಟ್ 8ರಂದು, ಕೇಪ್ ಪ್ರಾಂತ್ಯದ ಪಾರ್ಲ್ ಅನ್ನೋ ಊರಲ್ಲಿ. ದ್ರಾಕ್ಷಿ ತೋಟ, ವೈನ್‌ಗೆ ಹೆಸರಾದ ಊರು. ಬಿಳಿಯ ಆಫ್ರಿಕಾನರ್‌ಗಳು ತಮ್ಮ ಭಾಷೆಗೆ ದೊಡ್ಡ ಸ್ಮಾರಕ ಕಟ್ಟಿಕೊಂಡಿರೋದು ಅಲ್ಲೇ ಒಂದು ಗುಡ್ಡದ ಮೇಲೆ. ಸರ್ಕಾರದ ದಾಖಲೆಯಲ್ಲಿ ಚೆಸ್ಟರ್ ಕುಟುಂಬದ ಹೆಸರಿನ ಮುಂದೆ ಇದ್ದದ್ದು "ಕಲರ್ಡ್". 1950ರ ಜನಸಂಖ್ಯಾ ನೋಂದಣಿ ಕಾಯ್ದೆ ಅಲ್ಲಿನ ಪ್ರತಿಯೊಬ್ಬನಿಗೂ ಒಂದು ಜನಾಂಗದ ಚೀಟಿ ಅಂಟಿಸಿತ್ತು. ಬಿಳಿಯನೋ ಕಲರ್ಡೋ ಅಂತ ಅನುಮಾನ ಬಂದ್ರೆ ತಲೆಗೂದಲಿಗೆ ಪೆನ್ಸಿಲ್ ಸಿಕ್ಕಿಸಿ ನೋಡೋರು, ಪೆನ್ಸಿಲ್ ಕೆಳಗೆ ಬೀಳದಿದ್ರೆ ಬಿಳಿಯ ಅಲ್ಲ. ಒಂದೇ ಮನೆಯ ಅಣ್ಣ ಒಂದು ಜನಾಂಗ, ತಮ್ಮ ಇನ್ನೊಂದು ಜನಾಂಗ ಆದದ್ದೂ ಉಂಟು. ನಮ್ಮಲ್ಲಿ ಈ ಕೆಲಸಕ್ಕೆ ಪೆನ್ಸಿಲ್ ಬೇಕಾಗಲಿಲ್ಲ, "ನಿಮ್ಮ ಕಡೆ ಯಾರು?" ಅಂತ ಒಂದು ಪ್ರಶ್ನೆ ಕೇಳಿದ್ರೆ ಸಾಕಿತ್ತು, ಈಗಲೂ ಸಾಕು.

ಈ ಕಲರ್ಡ್ ಜನ ಯಾರು? ಕೇಪ್‌ನ ಮೂಲನಿವಾಸಿ ಖೋಯ್ ಮತ್ತು ಸಾನ್ ಜನರ ವಂಶದವರು, ಡಚ್ ಕಂಪನಿ ಹಡಗಿನಲ್ಲಿ ತಂದ ಗುಲಾಮರ ವಂಶದವರು, ಇವರೆಲ್ಲ ಬೆರೆತ ಜನ. ಆ ಗುಲಾಮರಲ್ಲಿ ಇಂಡೋನೇಷ್ಯಾ, ಮಡಗಾಸ್ಕರ್ ಕಡೆಯವರಿದ್ದ ಹಾಗೇ ಬಂಗಾಳ, ಮಲಬಾರ್, ಕೋರಮಂಡಲ ತೀರದವರೂ ಇದ್ದರು. ನಮ್ಮ ನೆಲದಿಂದ ಹೋದವರ ರಕ್ತವೂ ಅಲ್ಲಿದೆ ಅನ್ನೋದು ನಮ್ಮವರಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ವಿಚಿತ್ರ ಏನಂದ್ರೆ ಇವರಲ್ಲಿ ಬಹುಪಾಲು ಜನರ ಮನೆಮಾತು ಆಫ್ರಿಕಾನ್ಸ್, ಬಿಳಿಯ ಯಜಮಾನರ ಅದೇ ಭಾಷೆ. ಆಡೋ ಆಟವೂ ಅದೇ ಆಟ. ವಾಸಕ್ಕೆ ಮಾತ್ರ ಬೇರೆ ಕೇರಿ. 1950ರದ್ದೇ ಇನ್ನೊಂದು ಕಾಯ್ದೆ, ಗ್ರೂಪ್ ಏರಿಯಾಸ್, ಯಾರು ಎಲ್ಲಿ ಇರಬೇಕು ಅಂತ ನಕಾಶೆಯಲ್ಲಿ ಗೆರೆ ಹಾಕಿತು. ಊರು ಕೇರಿ ಅನ್ನೋದು ನಮ್ಮಲ್ಲಿ ಬಾಯಿಮಾತಿನ ಕಾನೂನು, ಅವರಲ್ಲಿ ಗೆಜೆಟ್‌ನಲ್ಲಿ ಅಚ್ಚಾಗಿತ್ತು.

ಇನ್ನೊಂದು ಸುಳ್ಳನ್ನೂ ಇಲ್ಲೇ ಬಿಡಿಸಿಬಿಡ್ತೀನಿ, ಚೆಸ್ಟರ್ ಕಥೆಗೆ ಅದು ಬೇಕು. "ರಗ್ಬಿ ಬಿಳಿಯರ ಆಟ, ಕರಿಯರದ್ದು ಫುಟ್‌ಬಾಲ್" ಅಂತ ಅಲ್ಲಿ ಬಹಳ ವರ್ಷ ಹೇಳಿಕೊಂಡು ಬಂದ್ರು. ಆದ್ರೆ ಬಿಳಿಯರಲ್ಲದವರ ರಗ್ಬಿ ಮಂಡಳಿ 1897ರಲ್ಲೇ ಕಿಂಬರ್ಲಿಯಲ್ಲಿ ಶುರುವಾಗಿತ್ತು. ಕೇಪ್ ಟೌನ್, ಪೋರ್ಟ್ ಎಲಿಜಬೆತ್ ಸುತ್ತ ಮುತ್ತ ಕಲರ್ಡ್ ಮತ್ತು ಆಫ್ರಿಕನ್ ಕೇರಿಗಳಲ್ಲಿ ಅಜ್ಜನ ಕಾಲದಿಂದ ಕ್ಲಬ್‌ಗಳಿದ್ದವು. ಹುಲ್ಲಿಲ್ಲದ, ಕಲ್ಲು ಏಳುವ ಮೈದಾನಗಳಲ್ಲಿ ಆಡ್ತಾ ಇದ್ದರು. ರಾಬೆನ್ ದ್ವೀಪದ ಜೈಲಿನೊಳಗೆ ರಾಜಕೀಯ ಕೈದಿಗಳೂ ರಗ್ಬಿ ತಂಡ ಕಟ್ಟಿಕೊಂಡಿದ್ದರು. ಆಟ ಇತ್ತು, ಆಟಗಾರರಿದ್ದರು. ಅವರ ಸ್ಕೋರು ಬಿಳಿಯರ ಪತ್ರಿಕೆಗಳಿಗೆ ಬೇಕಿರಲಿಲ್ಲ. ರಾಷ್ಟ್ರೀಯ ತಂಡ, ಅಂದ್ರೆ ಸ್ಪ್ರಿಂಗ್‌ಬಾಕ್, ಬಿಳಿಯರಿಗೆ ಮಾತ್ರ ಮೀಸಲು. ಹೌದು, ಮೀಸಲು! ನೂರಕ್ಕೆ ನೂರು ಮೀಸಲಾತಿ, ಅದೂ ತೊಂಬತ್ತು ವರ್ಷ. 1891ರಲ್ಲಿ ಮೊದಲ ಟೆಸ್ಟ್ ಆಡಿದ ದೇಶ 1981ರವರೆಗೆ ಒಬ್ಬನೇ ಒಬ್ಬ ಬಿಳಿಯನಲ್ಲದವನನ್ನ ಟೆಸ್ಟ್‌ಗೆ ಇಳಿಸಲಿಲ್ಲ. ಅದಕ್ಕೆ ಯಾರೂ ಕೋಟಾ ಅಂತ ಹೆಸರಿಡಲಿಲ್ಲ, ಮೆರಿಟ್ ಅಂದ್ರು.

ಹಾಗಾಗಿ ಸ್ಟೇಡಿಯಂನಲ್ಲಿ ಬಿಳಿಯರಲ್ಲದವರಿಗೆ ಅಂತ ಬಿಟ್ಟಿದ್ದ ಮೂಲೆಯಲ್ಲಿ ಕೂತ ಜನ ಏನು ಮಾಡ್ತಿದ್ದರು ಗೊತ್ತಾ? ಎದುರಾಳಿ ತಂಡಕ್ಕೆ ಚಪ್ಪಾಳೆ. ನ್ಯೂಜಿಲೆಂಡ್ ಬಂದ್ರೆ ನ್ಯೂಜಿಲೆಂಡ್‌ಗೆ, ಬ್ರಿಟನ್ ಬಂದ್ರೆ ಬ್ರಿಟನ್‌ಗೆ. ಮಂಡೇಲಾ ಅವರೂ ತಾವು ಹಾಗೇ ಮಾಡ್ತಿದ್ದದ್ದನ್ನ ಮುಚ್ಚಿಟ್ಟವರಲ್ಲ. ಕೇಪ್ ಟೌನ್‌ನ ಕಲರ್ಡ್ ಬಡಾವಣೆಗಳಲ್ಲಿ ಇತ್ತೀಚಿನವರೆಗೂ ನ್ಯೂಜಿಲೆಂಡ್ ತಂಡಕ್ಕೆ ಅಭಿಮಾನಿಗಳ ದೊಡ್ಡ ದಂಡೇ ಇತ್ತು. "ದೇಶಪ್ರೇಮ ಇಲ್ಲ" ಅಂತ ಅವರಿಗೂ ಬೈಗುಳ ಬೀಳ್ತಿತ್ತು.

ಮೊದಲು ಗೇಟು ತೆರೆದದ್ದು ಎರಲ್ ಟೊಬಾಯಸ್‌ಗೆ. ಇವರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಕ್ಯಾಲಿಡನ್ ಊರಿನವರು, 1950ರಲ್ಲಿ ಹುಟ್ಟಿದ್ದು, ಕಸುಬು ಇಟ್ಟಿಗೆ ಕಟ್ಟೋ ಮೇಸ್ತ್ರಿ ಕೆಲಸ. 1981ರ ಮೇ 30ರಂದು ಕೇಪ್ ಟೌನ್‌ನ ನ್ಯೂಲ್ಯಾಂಡ್ಸ್ ಮೈದಾನದಲ್ಲಿ ಐರ್ಲೆಂಡ್ ವಿರುದ್ಧ ಆಡಿದಾಗ ಅವರಿಗೆ ಮೂವತ್ತೊಂದು ವರ್ಷ. ಆ ದಿನ ದೇಶದ ಜೆರ್ಸಿ ಮೈಮೇಲೆ ಇತ್ತು, ಆದ್ರೆ ದೇಶದ ಪಾರ್ಲಿಮೆಂಟಿಗೆ ಓಟು ಹಾಕೋ ಹಕ್ಕು ಇರಲಿಲ್ಲ. ಕಲರ್ಡ್ ಜನರನ್ನ ಸಾಮಾನ್ಯ ಮತದಾರರ ಪಟ್ಟಿಯಿಂದ 1956ರಲ್ಲೇ ತೆಗೆದುಹಾಕಿದ್ದರು. ಐರ್ಲೆಂಡಿನ ನಾಲ್ಕು ಜನ ಆಟಗಾರರು ವರ್ಣಭೇದದ ನಾಡಿಗೆ ಬರಲ್ಲ ಅಂತ ಪ್ರವಾಸವನ್ನೇ ಬಿಟ್ಟಿದ್ದರು. ಹೊರಗಿನವರು ಬರಲ್ಲ ಅಂದ ಮೈದಾನಕ್ಕೆ ಒಳಗಿನ ಒಬ್ಬ ತುಳಿತಕ್ಕೊಳಗಾದವನು ಇಳಿದ.

ಆಗ ವರ್ಣಭೇದ ವಿರೋಧಿ ಕ್ರೀಡಾ ಚಳವಳಿಯ ಘೋಷಣೆ ಒಂದಿತ್ತು: ಅಸಹಜ ಸಮಾಜದಲ್ಲಿ ಸಹಜ ಕ್ರೀಡೆ ಇಲ್ಲ. 1973ರಲ್ಲಿ ಹುಟ್ಟಿದ ಸ್ಯಾಕೋಸ್ ಸಂಘಟನೆ ಇದನ್ನ ಬಹಳ ಕಟ್ಟುನಿಟ್ಟಾಗಿ ಪಾಲಿಸ್ತಿತ್ತು. ಬಿಳಿಯರ ಮಂಡಳಿ ಜೊತೆ ಕೈಜೋಡಿಸಿದ ಕಲರ್ಡ್ ಫೆಡರೇಷನ್ ಒಂದು ಕಡೆ, ಯಾವ ಕಾರಣಕ್ಕೂ ಕೈಜೋಡಿಸಲ್ಲ ಅಂದ ಯೂನಿಯನ್ ಇನ್ನೊಂದು ಕಡೆ. ಒಂದೇ ಬೀದಿಯಲ್ಲಿ ಎರಡು ಕ್ಲಬ್, ಒಂದೇ ಮನೆಯಲ್ಲಿ ಎರಡು ಪಕ್ಷ. ಟೊಬಾಯಸ್ ಫೆಡರೇಷನ್ ಕಡೆಯಿಂದ ಬಂದವರು. ಬಿಳಿಯರಲ್ಲಿ ಎಷ್ಟೋ ಜನ ಇವನು ಟೀಮಲ್ಲಿ ಇರೋದು ತೋರಿಕೆಗೆ ಅಂದ್ರು, ತನ್ನ ಜನರಲ್ಲಿ ಎಷ್ಟೋ ಜನ ಮಾರಿಕೊಂಡವನು ಅಂದ್ರು. ಅವರ ವಾದ ಮಾತ್ರ ಒಂದೇ: ನಾವು ಅವರಷ್ಟೇ ಚೆನ್ನಾಗಿ ಆಡಬಲ್ಲೆವು ಅಂತ ಆಡಿ ತೋರಿಸಬೇಕಿತ್ತು.

ಈ ಜಗಳ ನಮಗೆ ಹೊಸದಲ್ಲ. ಟೊಬಾಯಸ್ ಆಡ್ತಿದ್ದ ಅದೇ ಕಾಲಕ್ಕೆ, 1982ರಲ್ಲಿ, ಪೂನಾ ಒಪ್ಪಂದಕ್ಕೆ ಐವತ್ತು ವರ್ಷ ತುಂಬಿದಾಗ ಕಾನ್ಶಿರಾಮ್ ಸಾಹೇಬರು 'ಚಮಚಾ ಯುಗ' ಬರೆದ್ರು. ಮೇಲ್ಜಾತಿ ಪಕ್ಷಗಳ ಟಿಕೆಟ್‌ನಲ್ಲಿ ಗೆದ್ದು ಬಾಯಿ ಮುಚ್ಚಿ ಕೂರೋ ನಮ್ಮ ಪ್ರತಿನಿಧಿಗಳ ಬಗ್ಗೆ. ಹಾಗಾದ್ರೆ ಟೊಬಾಯಸ್ ಚಮಚಾನಾ? ನಮ್ಮ ಹುಡುಗರು ಥಟ್ ಅಂತ ಹೌದು ಅಂತಾರೆ. ನಂಗೆ ಅಷ್ಟು ಸುಲಭಕ್ಕೆ ಹೇಳೋಕೆ ಆಗಲ್ಲ. 1981ರಲ್ಲೇ ನ್ಯೂಜಿಲೆಂಡ್ ಪ್ರವಾಸಕ್ಕೆ ಟೊಬಾಯಸ್‌ರನ್ನ ಕರ್ಕೊಂಡು ಹೋದ್ರು. ಅಲ್ಲಿ ಸಾವಿರಾರು ಜನ ಬೀದಿಗಿಳಿದು ಪ್ರತಿಭಟಿಸಿದ್ರು, ಹ್ಯಾಮಿಲ್ಟನ್ ಪಂದ್ಯ ಮೈದಾನಕ್ಕೆ ಜನ ನುಗ್ಗಿ ರದ್ದಾಯ್ತು, ಆಕ್ಲೆಂಡ್ ಪಂದ್ಯದ ವೇಳೆ ಸಣ್ಣ ವಿಮಾನದಿಂದ ಹಿಟ್ಟಿನ ಪೊಟ್ಟಣ ಸುರಿದ್ರು. ಮೂರು ಟೆಸ್ಟ್ ನಡೆದವು, ಮೂರರಲ್ಲೂ ಟೊಬಾಯಸ್‌ಗೆ ಜಾಗ ಇಲ್ಲ! ಪ್ರಪಂಚಕ್ಕೆ ತೋರಿಸೋಕೆ ಫೋಟೋದಲ್ಲಿ ಬೇಕು, ದೊಡ್ಡ ಪಂದ್ಯದಲ್ಲಿ ಬೇಡ. ಇದರಲ್ಲಿ ತಪ್ಪು ಆ ಮೇಸ್ತ್ರಿದಾ, ಅವನನ್ನ ಫೋಟೋಗೆ ಕರ್ಕೊಂಡು ಹೋದವರದಾ? ಆದ್ರೆ ಸ್ಯಾಕೋಸ್ ಹಾಕಿದ ಒತ್ತಡ ಇಲ್ಲದಿದ್ರೆ ಆ ಗೇಟು ಅಷ್ಟಾದ್ರೂ ತೆರೀತಿರಲಿಲ್ಲ ಅನ್ನೋದೂ ನಿಜ. ಬಹಿಷ್ಕಾರ ಹಾಕಿದವರಿಂದಲೇ ಒಳಗೆ ಹೋದವನಿಗೆ ಬೆಲೆ ಬಂತು. ಟೊಬಾಯಸ್ ಒಟ್ಟು ಆಡಿದ್ದು ಆರು ಟೆಸ್ಟ್, 1984ರಲ್ಲಿ ಕೊನೆಯದು. ಆರರಲ್ಲೂ ದಕ್ಷಿಣ ಆಫ್ರಿಕಾ ಗೆದ್ದಿದೆ. ಟೀಮ್ ಕೆಟ್ಟುಹೋಗುತ್ತೆ ಅಂತ ವಾಟ್ಸಾಪ್ ಮಾಡೋರು ಗಮನಿಸಲಿ.

1984ರಲ್ಲಿ ಇಂಗ್ಲೆಂಡ್ ವಿರುದ್ಧದ ಎರಡು ಟೆಸ್ಟ್‌ಗಳಲ್ಲಿ ಟೊಬಾಯಸ್ ಜೊತೆ ಇನ್ನೊಬ್ಬ ಕಲರ್ಡ್ ಆಟಗಾರ ಇಳಿದ್ರು. ಹೆಸರು ಏವ್ರಿಲ್ ವಿಲಿಯಮ್ಸ್. ನಮ್ಮ ಚೆಸ್ಟರ್‌ನ ಸೋದರ ಸಂಬಂಧ ಅಲ್ಲ, ಸ್ವಂತ ಚಿಕ್ಕಪ್ಪನ ವರಸೆ. ಚೆಸ್ಟರ್‌ಗೆ ಆಗ ಹದಿಮೂರು ವರ್ಷ. ಏವ್ರಿಲ್ ಆ ಎರಡು ಟೆಸ್ಟ್ ಬಿಟ್ಟು ಮತ್ತೆ ಆಡಲಿಲ್ಲ. ಆಮೇಲೆ ಇನ್ನೊಬ್ಬ ಬಿಳಿಯನಲ್ಲದವನು ಸ್ಪ್ರಿಂಗ್‌ಬಾಕ್ ಆಗೋಕೆ ಒಂಬತ್ತು ವರ್ಷ ಬೇಕಾಯ್ತು.

ಆ ಒಂಬತ್ತು ವರ್ಷದಲ್ಲಿ ದೇಶ ಬದಲಾಯ್ತು. ಬಹಿಷ್ಕಾರದಿಂದ 1987 ಮತ್ತು 1991ರ ರಗ್ಬಿ ವಿಶ್ವಕಪ್‌ಗೆ ದಕ್ಷಿಣ ಆಫ್ರಿಕಾಗೆ ಪ್ರವೇಶವೇ ಇರಲಿಲ್ಲ. 1990ರ ಫೆಬ್ರವರಿ 11ರಂದು ಮಂಡೇಲಾ ಜೈಲಿನಿಂದ ಹೊರಗೆ ನಡೆದು ಬಂದ್ರಲ್ಲ, ಆ ವಿಕ್ಟರ್ ವರ್ಸ್ಟರ್ ಜೈಲು ಇರೋದು ಇದೇ ಪಾರ್ಲ್ ಊರಿನ ಹೊರಗೆ. ಚೆಸ್ಟರ್‌ಗೆ ಹತ್ತೊಂಬತ್ತು. 1992ರಲ್ಲಿ ಬಿಳಿಯರ ಮಂಡಳಿ, ಕರಿಯರ ಯೂನಿಯನ್ ಒಂದಾದವು. ಅದೇ ಆಗಸ್ಟ್‌ನಲ್ಲಿ ಜೋಹಾನ್ಸ್‌ಬರ್ಗ್‌ನ ಎಲಿಸ್ ಪಾರ್ಕ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ ಮರುಪ್ರವೇಶದ ಪಂದ್ಯ. ಬೊಯ್ಪಟಾಂಗ್ ಹತ್ಯಾಕಾಂಡ ನಡೆದು ಎರಡು ತಿಂಗಳಾಗಿತ್ತು. ಹಿಂಸೆಗೆ ಬಲಿಯಾದವರಿಗಾಗಿ ಒಂದು ನಿಮಿಷ ಮೌನ ಅಂತ ಒಪ್ಪಂದ ಆಗಿತ್ತು. ಗ್ಯಾಲರಿಯ ಬಿಳಿಯ ಜನ ಆ ಮೌನದಲ್ಲಿ ತಮ್ಮ ಹಳೇ ರಾಷ್ಟ್ರಗೀತೆ ಹಾಡಿದ್ರು. ಸತ್ತವರಿಗೆ ಒಂದು ನಿಮಿಷ ಕೊಡೋಕೂ ಆಗಲಿಲ್ಲ. ಮೂರು ವರ್ಷದ ನಂತರದ ಮಂಡೇಲಾ ಸಿನಿಮಾ ನೋಡಿ ಕಣ್ಣೀರು ಹಾಕೋರು ಈ ಪಂದ್ಯವನ್ನೂ ನೆನಪಿಟ್ಟುಕೊಳ್ಳಬೇಕು.

ಚೆಸ್ಟರ್ ಸ್ಪ್ರಿಂಗ್‌ಬಾಕ್ ಆದದ್ದು 1993ರ ನವೆಂಬರ್‌ನಲ್ಲಿ, ಅರ್ಜೆಂಟೀನಾ ಪ್ರವಾಸದಲ್ಲಿ. 1994ರ ಹೊತ್ತಿಗೆ ತಂಡದಲ್ಲಿ ಜಾಗ ಗಟ್ಟಿ ಮಾಡಿಕೊಂಡಿದ್ದ. 1995ರ ವಿಶ್ವಕಪ್ ದಕ್ಷಿಣ ಆಫ್ರಿಕಾದಲ್ಲೇ. ಮಂಡೇಲಾ ರಾಷ್ಟ್ರಪತಿಯಾಗಿ ಒಂದು ವರ್ಷ. ಸ್ಪ್ರಿಂಗ್‌ಬಾಕ್ ಅನ್ನೋ ಜಿಂಕೆಯ ಲಾಂಛನ ವರ್ಣಭೇದದ ಗುರುತು, ಅದನ್ನ ಕಿತ್ತುಹಾಕಬೇಕು ಅಂತ ಅವರದೇ ಜನ ಹಟ ಹಿಡಿದಿದ್ದರು. ಮಂಡೇಲಾ ಒಪ್ಪಿಸಿ ಉಳಿಸಿದ್ರು. "ಒಂದು ತಂಡ, ಒಂದು ದೇಶ" ಅನ್ನೋ ಘೋಷಣೆ ಬಂತು. ಆದ್ರೆ ಈ ಒಂದು ದೇಶದ ತಂಡದಲ್ಲಿ ಬಿಳಿಯನಲ್ಲದವನು ಒಬ್ಬನೇ ಒಬ್ಬ. ಹಾಗಾಗಿ ಜಾಹೀರಾತಿನ ಬೋರ್ಡ್‌ಗಳ ಮೇಲೆಲ್ಲ ಚೆಸ್ಟರ್ ಮುಖ. "ಬ್ಲ್ಯಾಕ್ ಪರ್ಲ್" ಅಂತ ಅಡ್ಡಹೆಸರು ಬೇರೆ ಇಟ್ಟರು, ಕಪ್ಪು ಮುತ್ತು ಅಂತ. ಒಟ್ಟು ಹದಿನಾಲ್ಕು ಬಿಳಿಯರಿಗೆ ಯಾರೂ ಬಿಳಿ ಮುತ್ತು ಅನ್ನಲಿಲ್ಲ.

ಇಲ್ಲೊಂದು ತಮಾಷೆ ನಡೀತು. ಟೂರ್ನಿ ಶುರುವಾಗೋ ಹೊತ್ತಿಗೆ ಚೆಸ್ಟರ್‌ಗೆ ತೊಡೆಯ ಸ್ನಾಯು ಪೆಟ್ಟು, ತಂಡದಿಂದ ಹೊರಗೆ. ಅಂದ್ರೆ ಬೋರ್ಡ್ ಮೇಲೆ ಅವನಿದ್ದಾನೆ, ಟೀಮಲ್ಲಿ ಇಲ್ಲ. ಮೇ 25ರ ಮೊದಲ ಪಂದ್ಯದಲ್ಲಿ ಆಸ್ಟ್ರೇಲಿಯಾ ವಿರುದ್ಧ 27-18ರಿಂದ ಗೆದ್ದ ತಂಡ ಪೂರ್ತಿ ಬಿಳಿ. ಜೂನ್ 3ರಂದು ಪೋರ್ಟ್ ಎಲಿಜಬೆತ್‌ನಲ್ಲಿ ಕೆನಡಾ ಜೊತೆ ಪಂದ್ಯ, ಅಲ್ಲಿ ಭಾರಿ ಹೊಡೆದಾಟ ಆಯ್ತು. ಮೂವರನ್ನ ರೆಫರಿ ಹೊರಗೆ ಕಳಿಸಿದ. ಆಮೇಲೆ ವಿಚಾರಣೆಯಲ್ಲಿ ವಿಂಗ್ ಆಟಗಾರ ಪೀಟರ್ ಹೆಂಡ್ರಿಕ್ಸ್‌ಗೂ ನಿಷೇಧ ಬಿತ್ತು. ಅವನ ಜಾಗಕ್ಕೆ ಅಷ್ಟರಲ್ಲಿ ಚೇತರಿಸಿಕೊಂಡಿದ್ದ ಚೆಸ್ಟರ್ ವಾಪಸ್ ಬಂದ.

ಜೂನ್ 10, ಎಲಿಸ್ ಪಾರ್ಕ್, ಕ್ವಾರ್ಟರ್ ಫೈನಲ್, ಎದುರಾಳಿ ವೆಸ್ಟರ್ನ್ ಸಮೋವಾ. ಸಮೋವಾದವರು ಮೈಮೇಲೆ ಬಿದ್ದು ಆಡೋ ಗಟ್ಟಿ ಜನ. ವಾರಗಟ್ಟಲೆ ಆಟ ಬಿಟ್ಟು ಬಂದವನು ಏನು ಮಾಡ್ತಾನೆ ಅಂತ ಎಲ್ಲರೂ ನೋಡ್ತಿದ್ದರು. ಚೆಸ್ಟರ್ ನಾಲ್ಕು ಟ್ರೈ ಹೊಡೆದ. ಒಂದಲ್ಲ ಎರಡಲ್ಲ, ನಾಲ್ಕು. 42-14. ಎರಡು ವರ್ಷದ ಹಿಂದೆ ಮೌನ ಕೊಡಲು ನಿರಾಕರಿಸಿದ್ದ ಅದೇ ಗ್ಯಾಲರಿ, ಅದೇ ಜನ "ಚೆಸ್ಟರ್, ಚೆಸ್ಟರ್" ಅಂತ ಎದ್ದು ಕೂಗಿತು... ಸರಿಯಾಗಿ ಲೆಕ್ಕ ಹಾಕಿದ್ರೆ ಮೂರು ವರ್ಷಕ್ಕೆ ಎರಡು ತಿಂಗಳು ಕಡಿಮೆ.

ಸೆಮಿಫೈನಲ್ ಡರ್ಬನ್‌ನಲ್ಲಿ, ಸುರಿವ ಮಳೆಯಲ್ಲಿ, ಫ್ರಾನ್ಸ್ ವಿರುದ್ಧ 19-15. ಜೂನ್ 24ರ ಫೈನಲ್ ಎಲ್ಲರಿಗೂ ಗೊತ್ತಿರೋ ಕಥೆ. ನ್ಯೂಜಿಲೆಂಡ್ ವಿರುದ್ಧ, ಹೆಚ್ಚುವರಿ ಸಮಯದಲ್ಲಿ ಜೋಯೆಲ್ ಸ್ಟ್ರಾನ್ಸ್‌ಕಿ ಡ್ರಾಪ್ ಗೋಲ್, 15-12. ಮಂಡೇಲಾ ಆರನೇ ನಂಬರ್ ಜೆರ್ಸಿ ಹಾಕ್ಕೊಂಡು ಕ್ಯಾಪ್ಟನ್ ಫ್ರಾಂಸ್ವಾ ಪಿನಾರ್ ಕೈಗೆ ಕಪ್ ಕೊಟ್ಟರು. ಅರವತ್ತು ಸಾವಿರಕ್ಕೂ ಹೆಚ್ಚು ಜನ, ಬಹುಪಾಲು ಬಿಳಿಯರು, "ನೆಲ್ಸನ್, ನೆಲ್ಸನ್" ಅಂದ್ರು. ಇದನ್ನ ನಾನು ಹಗುರ ಮಾಡ್ತಿಲ್ಲ. ಆ ದಿನ ಕೇರಿಗಳಲ್ಲೂ ಜನ ಕುಣಿದಿದ್ದಾರೆ, ಅದು ಸುಳ್ಳಲ್ಲ.

ಆದ್ರೆ ಚೆಸ್ಟರ್ ಏನು ಹೇಳಿದ ಅನ್ನೋದು ಮುಖ್ಯ. 2002ರಲ್ಲಿ ಅವನ ಜೀವನಚರಿತ್ರೆ ಪುಸ್ತಕ ಹೊರಬಂತು. ತಂಡದೊಳಗೆ ತನ್ನನ್ನ ಪೂರ್ತಿ ಒಪ್ಪಿಕೊಂಡಿರಲಿಲ್ಲ, ಅಲ್ಲಿ ಕರಿಯರನ್ನ ಬಯ್ಯೋ ಅತ್ಯಂತ ಹೀನ ಪದದಿಂದ ತನ್ನನ್ನ ಕರೆದದ್ದಿದೆ ಅಂತ ಅವನು ಹೇಳಿದ. ನಮ್ಮ ಜಾತಿ ಹೆಸರನ್ನ ಬೈಗುಳವಾಗಿ ಬಳಸೋದು ಕೇಳಿದವರಿಗೆ ಆ ಪದ ಹೇಗಿರುತ್ತೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಪುಸ್ತಕ ಬಂದ ಕೂಡಲೇ ದೊಡ್ಡ ಗದ್ದಲ. ಹಳೇ ಸಹ ಆಟಗಾರರು ಬೇಜಾರು ಮಾಡ್ಕೊಂಡ್ರು. ಏಳು ವರ್ಷ ಆದ ಮೇಲೆ ಈಗ್ಯಾಕೆ, ಆಗಲೇ ಯಾಕೆ ಹೇಳಲಿಲ್ಲ, ಇಷ್ಟು ಚೆಂದದ ನೆನಪಿಗೆ ಯಾಕೆ ಮಸಿ ಬಳೀತಾನೆ ಅಂತೆಲ್ಲ ಮಾತು ಬಂದವು. ಇದೇ ಪ್ರಶ್ನೆಗಳನ್ನ ನಾವು ಯೂನಿವರ್ಸಿಟಿ ಹಾಸ್ಟೆಲ್‌ಗಳಲ್ಲಿ, ಆಫೀಸ್‌ಗಳಲ್ಲಿ ಎಷ್ಟು ಸಲ ಕೇಳಿಲ್ಲ? "ಆವತ್ತು ನಗ್ತಾ ಇದ್ಯಲ್ಲಪ್ಪ" ಅಂತಾರೆ. ಹದಿನೈದು ಜನರಲ್ಲಿ ಒಬ್ಬನೇ ಆಗಿದ್ದಾಗ ನಗದೇ ಇನ್ನೇನು ಮಾಡ್ತಾರೆ?

ಅವನ ಇನ್ನೊಂದು ಆಕ್ಷೇಪ ನಂಗೆ ಇದಕ್ಕಿಂತ ಮುಖ್ಯ ಅನ್ಸುತ್ತೆ. ಮಾರ್ಕೆಟಿಂಗ್‌ನವರು ಅವನನ್ನ "ಅಭಿವೃದ್ಧಿ ಯೋಜನೆ"ಯ ಕೂಸು ಅಂತ ಬಿಂಬಿಸಿದ್ರು. ಅಂದ್ರೆ ಬಿಳಿಯರ ಮಂಡಳಿ ದೊಡ್ಡ ಮನಸ್ಸು ಮಾಡಿ ಕೇರಿಗೆ ಹೋಗಿ, ಆಟ ಗೊತ್ತಿಲ್ಲದ ಹುಡುಗನ ಕೈಗೆ ಚೆಂಡು ಕೊಟ್ಟು ಬೆಳೆಸಿತು ಅನ್ನೋ ಕಥೆ. ಚೆಸ್ಟರ್ ಇದನ್ನ ಒಪ್ಪಲಿಲ್ಲ. ಅವನ ಮನೆತನದಲ್ಲಿ, ಅವನ ಬೀದಿಯಲ್ಲಿ ರಗ್ಬಿ ಇತ್ತು, ಚಿಕ್ಕಪ್ಪನೇ ಸ್ಪ್ರಿಂಗ್‌ಬಾಕ್. ಅವನು ಬಂದದ್ದು ನೂರು ವರ್ಷದ ಕಲರ್ಡ್ ರಗ್ಬಿಯಿಂದ. ಆ ನೂರು ವರ್ಷವನ್ನ ಅಳಿಸಿ, ಅದರ ಜಾಗದಲ್ಲಿ ಬಿಳಿಯರ ಉಪಕಾರವನ್ನ ಬರೆದ್ರು. ನಮ್ಮ ತಮಟೆ, ನಮ್ಮ ಹಾಡು, ನಮ್ಮ ಚರ್ಮದ ಕುಸುರಿ ಎಲ್ಲ ಯಾರೋ ಮೇಲಿನವರು "ಗುರುತಿಸಿ" ವೇದಿಕೆ ಕೊಟ್ಟ ಮೇಲೆ ಹುಟ್ಟಿದ ಹಾಗೆ ಮಾತಾಡೋರನ್ನ ನೋಡಿದಾಗ ನಂಗೆ ಚೆಸ್ಟರ್ ನೆನಪಾಗ್ತಾನೆ.

ನಮ್ಮಲ್ಲೂ ಒಬ್ಬರಿದ್ದರು. ಪಾಲ್ವಂಕರ್ ಬಾಳೂ. ಚಮಾರ ಸಮುದಾಯದವರು, 1876ರಲ್ಲಿ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ! ಪುಣೆಯ ಬಿಳಿಯರ ಕ್ಲಬ್‌ನಲ್ಲಿ ಪಿಚ್ ರೋಲ್ ಮಾಡ್ತಾ, ನೆಟ್ ಕಟ್ತಾ ಬೌಲಿಂಗ್ ಕಲಿತರು. ಹಿಂದೂ ತಂಡಕ್ಕೆ ತಗೊಂಡ ಮೇಲೆ ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನ ಬ್ರಾಹ್ಮಣರೂ ಮುಟ್ಟಬೇಕಿತ್ತು. ಟೀ ವಿರಾಮದಲ್ಲಿ ಮಾತ್ರ ಪೆವಿಲಿಯನ್ ಹೊರಗೆ, ಮಣ್ಣಿನ ಲೋಟದಲ್ಲಿ ಚಹಾ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ತೆಗೆದ್ರು. ಹಿಂದೂ ತಂಡದ ಕ್ಯಾಪ್ಟನ್ ಪಟ್ಟ ಮಾತ್ರ ಕೊಡಲೇ ಇಲ್ಲ. 1920ರಲ್ಲಿ ಇದಕ್ಕೆ ಪ್ರತಿಭಟಿಸಿ ಅವರ ತಮ್ಮಂದಿರು ತಂಡದಿಂದ ಹೊರಗೆ ನಿಂತ ಮೇಲೆ, 1923ರಲ್ಲಿ ತಮ್ಮ ವಿಠ್ಠಲ್ ಕ್ಯಾಪ್ಟನ್ ಆದ್ರು. ಅಂಬೇಡ್ಕರರು ಹುಡುಗರಾಗಿದ್ದಾಗ ಮೆಚ್ಚಿದ್ದ ಈ ಬಾಳೂ ಅವರನ್ನೇ 1937ರ ಮುಂಬೈ ಚುನಾವಣೆಯಲ್ಲಿ ಕಾಂಗ್ರೆಸ್ಸು ಬಾಬಾಸಾಹೇಬರ ಎದುರು ನಿಲ್ಲಿಸಿತು. ಬಾಬಾಸಾಹೇಬರು ಸುಮಾರು ಎರಡು ಸಾವಿರ ಮತದಿಂದ ಗೆದ್ರು. ಬಾಳೂ ಬಗ್ಗೆ ಬೇರೆಯೇ ಪೋಸ್ಟ್ ಬರೀಬೇಕು, ಇಲ್ಲಿ ಇಷ್ಟು ಸಾಕು.

ಚೆಸ್ಟರ್ ಆಟದ ಉಳಿದ ಭಾಗ ಬೇಗ ಮುಗೀತು. ವಿಶ್ವಕಪ್ ನಂತರ ಮೊಣಕಾಲು ಕೈಕೊಟ್ಟಿತು, ದೀರ್ಘಕಾಲ ಹೊರಗೆ. 2000ದಲ್ಲಿ ಕೊನೆಯ ಟೆಸ್ಟ್. ಒಟ್ಟು 27 ಟೆಸ್ಟ್, 14 ಟ್ರೈ. ಎರಡು ಟೆಸ್ಟ್‌ಗೆ ಒಂದು ಟ್ರೈಗಿಂತ ಜಾಸ್ತಿ. ತೋರಿಕೆಯ ಆಟಗಾರ ಅಂದವರು ಈ ಲೆಕ್ಕಕ್ಕೆ ಏನಂತಾರೋ. ಆಮೇಲೆ ಕೋಚ್ ಆದ. ಏಳು ಜನರ ರಗ್ಬಿ ತಂಡವನ್ನ 2002ರ ಮ್ಯಾಂಚೆಸ್ಟರ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕಂಚಿನ ಪದಕಕ್ಕೆ ಮುಟ್ಟಿಸಿದ. ಉಗಾಂಡ, ಟುನೀಷಿಯಾ ತಂಡಗಳಿಗೂ ಕೋಚ್ ಆಗಿ ಹೋದ. 2009ರಲ್ಲಿ ಹಾಲಿವುಡ್‌ನವರು ಆ ಫೈನಲ್ ಬಗ್ಗೆ 'ಇನ್ವಿಕ್ಟಸ್' ಸಿನಿಮಾ ಮಾಡಿದಾಗ ನಟರಿಗೆ ರಗ್ಬಿ ಕಲಿಸಿದ್ದೂ ಇವನೇ. ಸಿನಿಮಾ ಕಥೆ ಮಾತ್ರ ಮಂಡೇಲಾ ಮತ್ತು ಬಿಳಿಯ ಕ್ಯಾಪ್ಟನ್ ನಡುವಿನದು.

ರಾಷ್ಟ್ರೀಯ ತಂಡದ ಮುಖ್ಯ ಕೋಚ್ ಆಗಬೇಕು ಅಂತ ಅವನಿಗೆ ಆಸೆ ಇತ್ತು, ಪೈಪೋಟಿಯಲ್ಲೂ ಇದ್ದ. ಸಿಗಲಿಲ್ಲ. 2008ರ ಜನವರಿಯಲ್ಲಿ ಆ ಜಾಗ ಸಿಕ್ಕಿದ್ದು ಅದೇ ಪಾರ್ಲ್‌ನ ಇನ್ನೊಬ್ಬ ಕಲರ್ಡ್, ಪೀಟರ್ ಡಿ ವಿಲಿಯರ್ಸ್‌ಗೆ. ಬಿಳಿಯನಲ್ಲದ ಮೊದಲ ಕೋಚ್. ಈ ಆಯ್ಕೆಗೆ ಬರೀ ರಗ್ಬಿ ಕಾರಣಗಳಷ್ಟೇ ಇಲ್ಲ, ಪರಿವರ್ತನೆಯನ್ನೂ ಗಮನಿಸಿದ್ದೀವಿ ಅಂತ ಮಂಡಳಿ ಅಧ್ಯಕ್ಷರು ಪ್ರೆಸ್ ಮುಂದೆಯೇ ಹೇಳಿಬಿಟ್ಟರು. ಸಾಕಲ್ಲ! ಮೆರಿಟ್ ಸತ್ತೇ ಹೋಯ್ತು ಅಂತ ಊರೆಲ್ಲ ಕೂಗು. ಆ ಕೋಚ್ ಮರುವರ್ಷವೇ ಬ್ರಿಟಿಷ್ ಮತ್ತು ಐರಿಷ್ ಲಯನ್ಸ್ ಸರಣಿ 2-1ರಿಂದ ಗೆದ್ದ, ತ್ರಿರಾಷ್ಟ್ರ ಸರಣಿ ಗೆದ್ದ, ಒಂದೇ ವರ್ಷದಲ್ಲಿ ನ್ಯೂಜಿಲೆಂಡನ್ನ ಮೂರು ಸಲ ಸೋಲಿಸಿದ. ಕೂಗಿದವರಲ್ಲಿ ಎಷ್ಟು ಜನ ಕ್ಷಮೆ ಕೇಳಿರ್ತಾರೆ ಅಂತ ನೀವೇ ಊಹಿಸಿ.

ವಿಶ್ವಕಪ್ ಫೈನಲ್‌ಗೆ ಇಳಿದ ಹದಿನೈದರಲ್ಲಿ ಬಿಳಿಯರಲ್ಲದವರ ಸಂಖ್ಯೆ ನೋಡಿ. 1995ರಲ್ಲಿ ಒಬ್ಬ. ಹನ್ನೆರಡು ವರ್ಷ ಆದ ಮೇಲೆ 2007ರಲ್ಲಿ ಇಬ್ಬರು, ಬ್ರಯಾನ್ ಹಬಾನಾ ಮತ್ತು ಜೆ.ಪಿ. ಪೀಟರ್ಸನ್. ಜನಸಂಖ್ಯೆಯಲ್ಲಿ ಹತ್ತಕ್ಕೆ ಒಂಬತ್ತು ಪಾಲು ಬಿಳಿಯರಲ್ಲದವರೇ ಇರೋ ದೇಶ ಅದು. ಒಂದು ಚೆಂದದ ಫೋಟೋ, ಒಂದು ಅಪ್ಪುಗೆ ಎಲ್ಲವನ್ನೂ ಸರಿಮಾಡುತ್ತೆ ಅನ್ನೋದಾಗಿದ್ರೆ ಒಂದು ಎರಡಾಗೋಕೆ ಹನ್ನೆರಡು ವರ್ಷ ಬೇಕಿರಲಿಲ್ಲ. ಆಮೇಲೆ ಒತ್ತಡ ಬಂತು, ಗುರಿ ನಿಗದಿ ಆಯ್ತು, ಇಷ್ಟು ಜನ ಇರಲೇಬೇಕು ಅಂತ ಸರ್ಕಾರ ಮಂಡಳಿಯ ಬೆನ್ನು ಹತ್ತಿತು. ಬಡ ಮಕ್ಕಳಿಗೆ ದೊಡ್ಡ ಶಾಲೆಗಳಲ್ಲಿ ಸ್ಕಾಲರ್‌ಶಿಪ್ ಸಿಗೋಕೆ ಶುರುವಾಯ್ತು. ಆ ದಾರಿಯಲ್ಲಿ ಬಂದವನೇ ಸಿಯಾ ಕೊಲೀಸಿ. ಪೋರ್ಟ್ ಎಲಿಜಬೆತ್‌ನ ಜ್ವೀಡೆ ಅನ್ನೋ ಕೇರಿಯ ಹುಡುಗ, ಹುಟ್ಟಿದ್ದು 1991ರ ಜೂನ್ 16. ಮಾರನೇ ದಿನವೇ ಪಾರ್ಲಿಮೆಂಟು ಆ ಜನಸಂಖ್ಯಾ ನೋಂದಣಿ ಕಾಯ್ದೆಯನ್ನ ರದ್ದು ಮಾಡಿತು. 2007ರ ಫೈನಲ್ ನೋಡೋಕೆ ಮನೇಲಿ ಟಿವಿ ಇಲ್ಲದೆ ಕೇರಿಯ ಹೆಂಡದಂಗಡಿಗೆ ಹೋಗಿ ನೋಡಿದವನು. 2018ರ ಜೂನ್‌ನಲ್ಲಿ ಸ್ಪ್ರಿಂಗ್‌ಬಾಕ್ ಟೆಸ್ಟ್ ತಂಡದ ಮೊದಲ ಆಫ್ರಿಕನ್ ಕ್ಯಾಪ್ಟನ್ ಆದ, ಅದೂ ಎಲಿಸ್ ಪಾರ್ಕ್‌ನಲ್ಲೇ.

2019ರ ನವೆಂಬರ್ 2ರಂದು ಜಪಾನಿನ ಯೊಕೊಹಾಮಾದಲ್ಲಿ ಫೈನಲ್. ಹದಿನೈದರಲ್ಲಿ ಆರು ಜನ ಬಿಳಿಯರಲ್ಲದವರು. ಇಂಗ್ಲೆಂಡ್ ವಿರುದ್ಧ 32-12. ಅದುವರೆಗೆ 1995, 2007ರ ಎರಡು ಫೈನಲ್ ಗೆದ್ದಿದ್ರೂ ದಕ್ಷಿಣ ಆಫ್ರಿಕಾ ಫೈನಲ್‌ನಲ್ಲಿ ಒಂದೂ ಟ್ರೈ ಹೊಡೆದಿರಲಿಲ್ಲ, ಬರೀ ಕಾಲಿನ ಒದೆತದ ಅಂಕಗಳಲ್ಲೇ ಗೆದ್ದಿತ್ತು. ಈ ಸಲ ಎರಡು ಟ್ರೈ ಬಂದವು. ಮೊದಲನೆಯದು ಮಕಝೋಲೆ ಮಪಿಂಪಿಯದು, ಎರಡನೆಯದು ಚೆಸ್ಲಿನ್ ಕೋಲ್ಬಿಯದು. ಒಬ್ಬ ಪೂರ್ವ ಕೇಪ್‌ನ ಹಳ್ಳಿ ಹುಡುಗ, ಇನ್ನೊಬ್ಬ ಕೇಪ್ ಟೌನ್ ಕಡೆಯ ಕಲರ್ಡ್ ಹುಡುಗ. ಇಬ್ಬರೂ ವಿಂಗ್. ಮಪಿಂಪಿ ಬೆನ್ನ ಮೇಲೆ ಹನ್ನೊಂದನೇ ನಂಬರು.

ಚೆಸ್ಟರ್ ಅದನ್ನ ನೋಡಲಿಲ್ಲ. ಎರಡು ತಿಂಗಳ ಮೊದಲೇ, ಸೆಪ್ಟೆಂಬರ್ 6ರಂದು, ಕೇಪ್ ಟೌನ್‌ನಲ್ಲಿ ಹೃದಯಾಘಾತ. ನಲವತ್ತೊಂಬತ್ತು ವರ್ಷ. ತೀರಿಕೊಂಡಾಗ ವೆಸ್ಟರ್ನ್ ಕೇಪ್ ವಿಶ್ವವಿದ್ಯಾಲಯದ ರಗ್ಬಿ ತಂಡಕ್ಕೆ ಕೋಚ್ ಆಗಿದ್ದ. ವರ್ಣಭೇದ ಸರ್ಕಾರ ಕಲರ್ಡ್ ಮಕ್ಕಳನ್ನ ಬಿಳಿಯರ ಯೂನಿವರ್ಸಿಟಿಯಿಂದ ದೂರ ಇಡೋಕೆ ಅಂತಲೇ 1960ರ ಹೊತ್ತಿಗೆ ಊರಾಚೆ ಪೊದೆಗಳ ನಡುವೆ ಶುರು ಮಾಡಿದ್ದ ಕಾಲೇಜು ಅದು. ಅಲ್ಲಿನ ಹುಡುಗರಿಗೆ ಚೆಂಡು ಹೇಗೆ ಹಿಡೀಬೇಕು, ಯಾವಾಗ ಕೊಡಬೇಕು ಅಂತ ಹೇಳ್ಕೊಡ್ತಿದ್ದ.

ಜೈ ಭೀಮ್.